ನಾಲಿಗೆ ಕಡೆಯಿಂದ ನೋಡಿ, ಆಮೇಲೆ ಬ್ರಾಕೆಟ್ ಬಿಚ್ಚಿ: ನನ್ನ ಅನುಭವ

ಬ್ರಾಕೆಟ್ (ಹಲ್ಲಿಗೆ ಅಂಟಿಸುವ, ವೈರ್ ಹಿಡಿಯುವ ಪುಟ್ಟ ಕ್ಲಿಪ್) ಹಾಕಿ ಹಲ್ಲಿನ ನಡುವಿನ ಸ್ಪೇಸ್ ಮುಚ್ಚಿದ ತಕ್ಷಣ ಅಚ್ಚು ತೆಗೆದು, ಸ್ಟೋನ್ (ಗಟ್ಟಿ ಪ್ಲಾಸ್ಟರ್) ಮಾಡೆಲ್ ಮಾಡಿ, ಅದನ್ನು ಹಿಂದಿನಿಂದ ನೋಡುತ್ತೇನೆ ಅಂದಾಗ ನನ್ನ ಓರಗೆಯ ಆರ್ಥೊಡಾಂಟಿಸ್ಟುಗಳು (ಹಲ್ಲಿನ ಸಾಲು ಸರಿಪಡಿಸುವ ದಂತವೈದ್ಯರು) ಯಾರೂ ಒಪ್ಪಲಿಲ್ಲ. ‘ಸ್ಕ್ಯಾನರ್ ಕಾಲದಲ್ಲಿ ಸ್ಟೋನ್ ಕಲಸುತ್ತಾ ಕೂರೋದಾ?’ ಅಂದರು. ‘ಮೋಲಾರ್ (ದವಡೆ ಹಲ್ಲು) ಕ್ಲಾಸ್ ಒನ್ ಬಂದಿದೆ ಅಲ್ವಾ, ಉಳಿದದ್ದು ತಾನಾಗೇ ಸೆಟಲ್ ಆಗುತ್ತೆ ಬಿಡಿ’ ಅಂದರು. ನಾನು ಬಿಡಲಿಲ್ಲ. ಐದಾರು ವರ್ಷ ಆಯಿತು. ಈಗ ಅವರಲ್ಲೇ ಕೆಲವರು ಮುಗಿಯದ ಕೇಸಿನ ಮಾಡೆಲ್ ಹಿಡಿದುಕೊಂಡು ನನ್ನ ಕ್ಲಿನಿಕ್‌ಗೆ ಬರುತ್ತಾರೆ.

ಕೆನ್ನೆ ಕಡೆಯಿಂದ ನೋಡಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಮೇಲಿನ ಮೊದಲ ಮೋಲಾರಿನ ಮೀಸಿಯೊಬಕಲ್ ಕಸ್ಪ್ (ಕೆನ್ನೆ ಕಡೆಯ ಮುಂದಿನ ಮೊನೆ) ಕೆಳಗಿನ ಮೋಲಾರಿನ ಗ್ರೂವ್‌ನಲ್ಲಿ ಕೂತಿರುತ್ತದೆ. ಕ್ಲಾಸ್ ಒನ್ ಅಂತ ಅಮೆರಿಕದ ದಂತವೈದ್ಯ ಆಂಗಲ್ 1899ರಲ್ಲಿ ಹೇಳಿದ್ದು ಅಷ್ಟೇ. ಆದರೆ ಇನ್ನೊಬ್ಬ ಅಮೆರಿಕನ್ ಆರ್ಥೊಡಾಂಟಿಸ್ಟ್ ಆಂಡ್ರ್ಯೂಸ್ ಚಿಕಿತ್ಸೆಯೇ ಆಗದ 120 ಒಳ್ಳೆಯ ಮಾಡೆಲ್ ನೋಡಿ 1972ರಲ್ಲಿ ಬರೆದಾಗ ಅಷ್ಟು ಸಾಲದು ಅಂದರು. ಮೇಲಿನ ಮೊದಲ ಮೋಲಾರಿನ ಡಿಸ್ಟೊಬಕಲ್ ಕಸ್ಪ್ (ಕೆನ್ನೆ ಕಡೆಯ ಹಿಂದಿನ ಮೊನೆ) ಕೆಳಗಿನ ಎರಡನೇ ಮೋಲಾರಿಗೆ ಮುಟ್ಟಬೇಕು. ಮೇಲಿನ ಪ್ರೀಮೋಲಾರುಗಳ (ಮೋಲಾರಿನ ಮುಂದಿನ ಸಣ್ಣ ದವಡೆ ಹಲ್ಲು) ಒಳಗಿನ ಕಸ್ಪ್ ಕೆಳಗಿನ ಹಲ್ಲಿನ ಫೊಸ್ಸಾದಲ್ಲಿ (ಗುಳಿಯಲ್ಲಿ) ಕೂರಬೇಕು. ಈ ಎರಡನೆಯದನ್ನು ಬಾಯಲ್ಲಿ ನೀವು ನೋಡುವುದಾದರೂ ಹೇಗೆ? ಕನ್ನಡಿ ಎಷ್ಟೇ ಓರೆ ಹಿಡಿದರೂ ಕಾಣುವುದಿಲ್ಲ.

ಮಾಡೆಲ್ ಕಚ್ಚಿಸಿ ಹಿಡಿದು, ಕೆನ್ನೆ ಕಡೆಯಿಂದ ಟಾರ್ಚ್ ಬಿಟ್ಟು, ಒಳಗಿನಿಂದ ನೋಡಿ. ಬೆಳಕು ತೂರಿ ಬಂದ ಕಡೆಯೆಲ್ಲಾ ಕೆಲಸ ಬಾಕಿ ಇದೆ ಅಂತ ಅರ್ಥ. ನನ್ನ ಕೇಸುಗಳಲ್ಲಿ ಜಾಸ್ತಿ ಸಿಗುವ ಕಳ್ಳ ಎಂದರೆ ಮೇಲಿನ ಎರಡನೇ ಮೋಲಾರಿನ ಪ್ಯಾಲಟಲ್ (ಅಂಗುಳಿನ ಕಡೆಯ) ಕಸ್ಪ್. ಅದು ಕೆಳಗೆ ಜೋತಿರುತ್ತದೆ. ಕಚ್ಚಿದಾಗ ಮೊದಲು ಅದೇ ತಾಗುತ್ತದೆ, ಮುಂದಿನ ಪ್ರೀಮೋಲಾರುಗಳು ಕೂರುವುದೇ ಇಲ್ಲ. ನಾವು ಮಾತ್ರ ಪ್ರೀಮೋಲಾರಿಗೆ ಇಲಾಸ್ಟಿಕ್ ಹಾಕಿ ತಿಂಗಳುಗಟ್ಟಲೆ ಎಳೆಯುತ್ತಿರುತ್ತೇವೆ. ಮೋಲಾರಿಗೆ ಅಂಟಿಸುವ ಟ್ಯೂಬ್‌ನಲ್ಲಿ ಟಾರ್ಕ್ (ಹಲ್ಲನ್ನು ಒಳಕ್ಕೋ ಹೊರಕ್ಕೋ ವಾಲಿಸುವ ತಿರುವು) ಇದೆಯಲ್ಲ ಅನ್ನುತ್ತೀರಿ. 22 ಸ್ಲಾಟ್‌ನಲ್ಲಿ (ವೈರ್ ಕೂರುವ ಸೀಳು; ಅಳತೆ ಇಂಚಿನ ಸಾವಿರದ ಭಾಗದಲ್ಲಿ) 19x25 ವೈರ್ ಸುಮಾರು 10 ಡಿಗ್ರಿ ಸುಮ್ನೆ ಅಲ್ಲಾಡುತ್ತದೆ. ಬ್ರಾಕೆಟ್ಟಿನ ಪ್ರಿಸ್ಕ್ರಿಪ್ಷನ್‌ನಲ್ಲಿ (ಅದರೊಳಗೇ ಕೊಟ್ಟ ಕೋನಗಳ ಪಟ್ಟಿ) ಬರೆದದ್ದು ಹಲ್ಲಿಗೆ ಪೂರ್ತಿ ತಲುಪುವುದಿಲ್ಲ. ನಾನು ಟಿಎಂಎ (ಟೈಟಾನಿಯಂ ಮಿಶ್ರಲೋಹ) ವೈರಿನ ಕೊನೆಗೆ ಬಕಲ್ ರೂಟ್ ಟಾರ್ಕ್ (ಬೇರನ್ನು ಕೆನ್ನೆ ಕಡೆಗೆ ತಳ್ಳುವ ತಿರುವು) ಕೈಯಿಂದಲೇ ಕೊಡುತ್ತೇನೆ. ಎಷ್ಟು ಡಿಗ್ರಿ, ಯಾವ ಹಂತದಲ್ಲಿ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ದಾರಿಗೆ ಬರುವ ಮೊದಲು ಬೇರೆಯದೂ ನೋಡಿದ್ದೆ. ರಬ್ಬರ್ ಪೊಸಿಷನರ್ ಮಾಡಿಸಿದೆ. ಲ್ಯಾಬ್ ಬಿಲ್ಲು ಐದಾರು ಸಾವಿರದ ಹತ್ತಿರ ಬಂತು. ಅದನ್ನು ಕಚ್ಚಿಕೊಂಡು ಕೂರುವಷ್ಟು ತಾಳ್ಮೆ ಕಾಲೇಜು ಹುಡುಗರಿಗೆ ಇರಲಿಲ್ಲ, ಡಬ್ಬದಲ್ಲೇ ಉಳಿಯಿತು. ಬರೀ ಇಲಾಸ್ಟಿಕ್ ನಂಬಿದ ಕೇಸುಗಳು ಎರಡು ವರ್ಷ ದಾಟಿ ಎಳೆದವು. ನಮ್ಮ ಕಡೆ ಎಲ್ಲಾ ಪ್ಯಾಕೇಜ್ ಲೆಕ್ಕ. ಮೆಟಲ್ ಬ್ರಾಕೆಟ್‌ಗೆ ನಾನು ತೆಗೆದುಕೊಳ್ಳುವುದು 35 ಸಾವಿರದ ಆಸುಪಾಸು. ಕೊನೆಯ ಕಂತು ಬಂದ ಮೇಲಿನ ಪ್ರತಿ ವಿಸಿಟ್ಟೂ ನಮ್ಮ ಕೈಯಿಂದಲೇ. ಬಿಚ್ಚಿದ ಮೇಲೆ ‘ಡಾಕ್ಟ್ರೇ, ಅಗಿಯೋಕೆ ಸರಿ ಬರ್ತಿಲ್ಲ’ ಅಂತ ಬಂದವರಿಗೆ ಪುಕ್ಕಟೆಯಾಗಿ ಮತ್ತೆ ಹಾಕಿದ್ದೂ ಇದೆ. ಅಂಥ ಒಂದು ಕೇಸಿನ ಖರ್ಚಿನಲ್ಲಿ ವರ್ಷವಿಡೀ ಮಾಡೆಲ್ ಮಾಡಬಹುದು. ಅಚ್ಚು ತೆಗೆಯುವ ಆಲ್ಜಿನೇಟ್, ಸ್ಟೋನ್ ಎರಡೂ ಸೇರಿ ಇನ್ನೂರು ಮುನ್ನೂರು ರೂಪಾಯಿ ಅಷ್ಟೇ.

ಮಾಡೆಲ್ ನೋಡಿದ ಮೇಲೆ ತಪ್ಪು ಎತ್ತರದಲ್ಲಿರುವ ಬ್ರಾಕೆಟ್ಟುಗಳನ್ನು ಒಂದೇ ಸಿಟ್ಟಿಂಗ್‌ನಲ್ಲಿ ಕಿತ್ತು ಮತ್ತೆ ಅಂಟಿಸುತ್ತೇನೆ. ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ, ಎರಡನೇ ಪ್ರೀಮೋಲಾರ್ ಅದರಲ್ಲಿ ಇದ್ದೇ ಇರುತ್ತದೆ. ಅಕ್ಕಪಕ್ಕದ ಹಲ್ಲುಗಳ ಮಾರ್ಜಿನಲ್ ರಿಡ್ಜ್ (ಅಂಚಿನ ದಿಬ್ಬ) ಒಂದೇ ಮಟ್ಟಕ್ಕೆ ಬರುವ ಹಾಗೆ ಅಂಟಿಸಬೇಕು, ಅಳತೆಗೋಲು ಹೇಳಿದ ಹಾಗೆ ಅಲ್ಲ. ಆಮೇಲೆ 16 ನೈಟೈಗೆ (ತೆಳ್ಳಗಿನ, ಬಳುಕುವ ನಿಕಲ್-ಟೈಟಾನಿಯಂ ವೈರ್) ಇಳಿಯುತ್ತೇನೆ. ‘ಸ್ಪೇಸ್ ಮತ್ತೆ ತೆರೆದುಕೊಳ್ಳುತ್ತೆ’ ಅಂತ ಎಲ್ಲರೂ ಹೆದರಿಸಿದ್ದು ಇಲ್ಲೇ. ವೈರಿನ ಕೆಳಗೆ ಮೋಲಾರಿನಿಂದ ಮೋಲಾರಿಗೆ ಫಿಗರ್ ಎಯ್ಟ್ ಲಿಗೇಚರ್ (ಎಂಟರ ಆಕಾರದಲ್ಲಿ ಸುತ್ತುವ ಸಣ್ಣ ತಂತಿ) ಕಟ್ಟಿದರೆ ಕೂದಲೆಳೆಯಷ್ಟೂ ತೆರೆಯುವುದಿಲ್ಲ. ಎರಡು ಮೂರು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಮೊದಲಿಗಿಂತ ನಾಲ್ಕೈದು ತಿಂಗಳಾದರೂ ಉಳಿಯುತ್ತಿದೆ.

ಮಾಡೆಲ್ ಕೈಯಲ್ಲಿದ್ದರೆ ಇನ್ನೊಂದು ಲಾಭ. ಒಬ್ಬ ಹುಡುಗಿಯ ಓವರ್‌ಜೆಟ್ (ಮೇಲಿನ ಮುಂಭಾಗದ ಹಲ್ಲು ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಅನ್ನುವ ಅಂತರ) ತೀರಾ ಕಡಿಮೆಗೆ ನಿಂತುಬಿಟ್ಟಿತ್ತು. ಏನು ಮಾಡಿದರೂ ಹೆಚ್ಚುತ್ತಿರಲಿಲ್ಲ. ಮೇಲೆ ಕೆಳಗೆ ಮುಂದಿನ ಆರಾರು ಹಲ್ಲು ಅಳೆದು ನೋಡಿದರೆ ಬೋಲ್ಟನ್ ಅನುಪಾತ (ಕೆಳಗಿನ ಆರರ ಅಗಲ ಮೇಲಿನ ಆರರ ಅಗಲದ ಶೇಕಡಾ ಎಷ್ಟು) 81ರ ಹತ್ತಿರ. ಇರಬೇಕಾದದ್ದು 77.2. ಮೇಲಿನ ಲ್ಯಾಟರಲ್‌ಗಳೇ (ಮಧ್ಯದ ಎರಡು ಹಲ್ಲುಗಳ ಅಕ್ಕಪಕ್ಕದವು) ಸಣ್ಣ. ಅವುಗಳ ಎರಡೂ ಬದಿ ಜಾಗ ಬಿಟ್ಟು, ಒಂದೊಂದಕ್ಕೆ ಸುಮಾರು ಒಂದು ಮಿಲಿಮೀಟರ್ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಕಟ್ಟಿದ ಮೇಲೆ ಓವರ್‌ಜೆಟ್ ಎರಡು ಮಿಲಿಮೀಟರಿಗೆ ಬಂತು. ಆ ಮಾಡೆಲ್ ಇನ್ನೂ ನನ್ನ ಕಪಾಟಿನಲ್ಲಿದೆ. ನಂಬದವರಿಗೆ ಅದನ್ನೇ ಮೊದಲು ತೋರಿಸುತ್ತೇನೆ.

ಬ್ರಾಕೆಟ್ ಬಿಚ್ಚಿದ ಮೇಲೆ ಹಲ್ಲು ಸರಿಯದ ಹಾಗೆ ಹಾಕುವ ರಿಟೇನರ್ ವಿಷಯದಲ್ಲೂ ಒಂದು ಪ್ರಯೋಗ ನಡೆದಿದೆ. ಕೆಲವರಿಗೆ ಪಾರದರ್ಶಕ ಎಸಿಕ್ಸ್, ಕೆಲವರಿಗೆ ತಂತಿಯಿರುವ ಹಾಲೆ ಕೊಟ್ಟು, ಆರು ತಿಂಗಳಿಗೆ ಮತ್ತೆ ಅಚ್ಚು ತೆಗೆದೆ. ಹಾಲೆ ಹಾಕಿದವರಲ್ಲಿ ಹಿಂದಿನ ಹಲ್ಲುಗಳು ಇನ್ನಷ್ಟು ಚೆನ್ನಾಗಿ ಕೂತಿದ್ದವು. ಎಸಿಕ್ಸ್ ಕಚ್ಚುವ ಮೇಲ್ಮೈಯನ್ನೇ ಮುಚ್ಚಿಬಿಡುತ್ತದೆ, ಹಲ್ಲು ಇಳಿಯುವುದೆಲ್ಲಿಂದ? ಹುಡುಗಿಯರು ಹಾಲೆಯ ತಂತಿ ಬೇಡ ಅಂತ ಹಟ ಮಾಡುತ್ತಾರೆ. ಮೊದಲ ಆರು ತಿಂಗಳು ನಾನು ಜಗ್ಗುವುದಿಲ್ಲ.

ಈಗ ಇದೇ ಪದ್ಧತಿಯನ್ನು ಮೇಲಿನ ಪ್ರೀಮೋಲಾರ್ ಮಾತ್ರ ಕಿತ್ತು, ಮೋಲಾರನ್ನು ಪೂರ್ತಿ ಕ್ಲಾಸ್ ಟೂನಲ್ಲಿ (ಮೇಲಿನ ಮೋಲಾರ್ ಕ್ಲಾಸ್ ಒನ್‌ಗಿಂತ ಒಂದು ಪ್ರೀಮೋಲಾರಿನಷ್ಟು ಮುಂದೆ) ಮುಗಿಸುವ ಕೇಸುಗಳಿಗೆ ಹಚ್ಚುತ್ತಿದ್ದೇನೆ. ಅಲ್ಲಿ ಮೇಲಿನ ಮೋಲಾರಿಗೆ ಮಾಮೂಲಿ ಟ್ಯೂಬಿನ 10 ಡಿಗ್ರಿ ರೊಟೇಷನ್ ಬೇಡ. ಎದುರು ಬದಿಯ ಕೆಳ ಎರಡನೇ ಮೋಲಾರಿನ ಟ್ಯೂಬ್ ತಂದು ಅಂಟಿಸಿದರೆ ಕಸ್ಪ್ ಸರಿಯಾಗಿ ಕೂರುತ್ತದೆ. ಮೂರು ನಾಲ್ಕು ಕೇಸು ಮುಗಿದಿವೆ. ಟಾರ್ಚ್ ಬೆಳಕು ಒಂದರಲ್ಲೂ ತೂರಿಲ್ಲ.