ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು

ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ದಿನಾ ಏನಮ್ಮ ಊಟ ಮಾಡ್ತೀರಿ?" ಅಂದರು. ಸ್ವಲ್ಪ ಕೋಪವೇ ಬಂತು. ನಮ್ಮದು ರಾಗಿಮುದ್ದೆ, ಸೊಪ್ಪಿನ ಸಾರಿನ ಮನೆ. ಕಬ್ಬಿಣಕ್ಕೇನು ಬರ ಅಂದೆ. "ತಟ್ಟೆಯಲ್ಲಿದೆ, ಮೈಗೆ ಹತ್ತುತ್ತಿಲ್ಲ. ಉಂಡ ತಕ್ಷಣ ಕಾಫಿ ಕುಡೀತೀರಾ?" ಕುಡಿಯುತ್ತಿದ್ದೆ. ಕೈ ತೊಳೆದ ಕೂಡಲೇ, ದೊಡ್ಡ ಲೋಟದಲ್ಲಿ.

ಧಾನ್ಯ, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕರುಳು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಕಾಫಿ, ಟೀ ಇನ್ನಷ್ಟು ಅಡ್ಡ ಬರುತ್ತವೆ. ವಿಟಮಿನ್ ಸಿ ಜೊತೆಗಿದ್ದರೆ ಅದೇ ಕಬ್ಬಿಣ ಹೀರಿಕೊಳ್ಳುವ ರೂಪಕ್ಕೆ ತಿರುಗುತ್ತದೆ. ಆದರೆ ಬೆಳಿಗ್ಗೆ ಕಿತ್ತಳೆ ತಿಂದು ಮಧ್ಯಾಹ್ನ ಮುದ್ದೆ ಉಂಡರೆ ಆಗಲ್ಲ, ಎರಡೂ ಒಂದೇ ಹೊತ್ತಿಗೆ ಹೊಟ್ಟೆ ಸೇರಬೇಕು.

ಹುಳಿ ತಾನೇ ಅಂದುಕೊಂಡು ಮೊದಲು ಸಾರಿಗೆ ಹುಣಸೆಹಣ್ಣು ಜಾಸ್ತಿ ಮಾಡಿದೆ. ಹುಣಸೆಯಲ್ಲಿ ವಿಟಮಿನ್ ಸಿ ಇರುವುದು ತೀರಾ ಅಲ್ಪ, ಅದರ ಹುಳಿಯೇ ಬೇರೆ ಎಂದು ಆಮೇಲೆ ತಿಳಿಯಿತು. ನಂತರ ನಿಂಬೆಹಣ್ಣು ಹಿಂಡಿ ಚೆನ್ನಾಗಿ ಕುದಿಸಿದೆ. ಅದೂ ತಪ್ಪೇ; ಬಿಸಿಗೆ ಹಾಳಾಗುವ ವಿಟಮಿನ್ ಅದು. ನಮ್ಮತ್ತೆ ಮದುವೆಯಾದಾಗಿನಿಂದ ಬಡಿದುಕೊಳ್ಳುತ್ತಿದ್ದರು, "ಒಲೆ ಮೇಲಿರುವಾಗ ಹಿಂಡಬೇಡ ಕಣೆ, ಕಹಿಯಾಗುತ್ತೆ" ಅಂತ.

ಈಗ ಬಡಿಸಿದ ಮೇಲೆಯೇ ಹಿಂಡುತ್ತೇನೆ. ಸೊಪ್ಪು ತೊಳೆದ ಮೇಲೆ ಹೆಚ್ಚುವುದು. ಹೆಚ್ಚಿ ನೀರಿಗೆ ಹಾಕಿಟ್ಟರೆ ವಿಟಮಿನ್ ನೀರುಪಾಲು. ನೆಲ್ಲಿಕಾಯಿ ಕಾಲದಲ್ಲಿ ಬೀಜ ತೆಗೆದು ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ಜೊತೆ ಹಸಿಯಾಗೇ ರುಬ್ಬಿದ ಚಟ್ನಿ, ಮುದ್ದೆಗೆ ಅದ್ಭುತ. ಸೀಬೆಹಣ್ಣಿನಲ್ಲಂತೂ ಕಿತ್ತಳೆಯ ನಾಲ್ಕೈದು ಪಟ್ಟು ವಿಟಮಿನ್ ಸಿ ಇದೆ. ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಸಾಕು ಅನ್ನುತ್ತದೆ ನಮ್ಮ ದೇಶದ 2020ರ ಲೆಕ್ಕ, ಒಂದು ಸೀಬೆಹಣ್ಣಿಗೆ ಅದು ಮುಗಿಯಿತು. ಇಷ್ಟು ಅಗ್ಗದ ಹಣ್ಣು ಬಿಟ್ಟು ಜನ ಕಿವಿ ಹಣ್ಣಿಗೆ ದುಡ್ಡು ಸುರಿಯುವುದೇಕೋ! ಮಾತ್ರೆಯನ್ನೂ ನಿಂಬೆ ಪಾನಕದಲ್ಲೇ ನುಂಗುತ್ತಿದ್ದೆ.

ಇದೆಲ್ಲ ಸಲೀಸು. ಕಷ್ಟವಾಗಿದ್ದು ಕಾಫಿಯದು. ನಾಲ್ಕು ಗಂಟೆಯವರೆಗೆ ಮುಂದೂಡಿದ್ದಕ್ಕೆ ಒಂದು ವಾರ ತಲೆನೋವು, ಮನೆಯವರ ಮೇಲೆಲ್ಲ ಸಿಡಿಮಿಡಿ.

ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.4ಕ್ಕೆ ಬಂತು. ಹೆಚ್ಚಿನ ಕೆಲಸ ಮಾತ್ರೆಯದೇ ಇರಬೇಕು, ನಿಂಬೆಹಣ್ಣಿಗೇ ಹಾರ ಹಾಕಲಾರೆ. ರಿಪೋರ್ಟ್ ಹಿಡಿದು ಅತ್ತೆಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಕಹಿಯಾಗುತ್ತೆ ಅಂತ ನಾನು ಮೊದಲೇ ಹೇಳಿರಲಿಲ್ವಾ" ಅಂದರು.