ಆಕ್ಸೆಸ್‌ನ ಎರರ್ ಮೆಸೇಜ್ ಜಾಗದಲ್ಲಿ ನಮ್ಮದೇ ಮೆಸೇಜ್

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಆಕ್ಸೆಸ್‌ನಲ್ಲಿ ಒಂದೇ ರಸೀದಿ ನಂಬರ್ ಎರಡು ಸಲ ಹಾಕಿದಾಗ ಬರುವ ಉದ್ದನೆಯ ಇಂಗ್ಲಿಷ್ ಮೆಸೇಜ್ ಬೇಡವಾದರೆ, ಫಾರ್ಮ್‌ನ 'ಆನ್ ಎರರ್' ಈವೆಂಟ್‌ನಲ್ಲಿ ಕೋಡ್ ಬರೆಯಿರಿ: 'ಡೇಟಾ ಎರರ್' (DataErr) ನಂಬರ್ 3022 ಆಗಿದ್ದರೆ ನಿಮ್ಮ ಮೆಸೇಜ್ ತೋರಿಸಿ, 'ರೆಸ್ಪಾನ್ಸ್' (Response) ಮೌಲ್ಯ 0 ಮಾಡಿ. ಕಡ್ಡಾಯ ಫೀಲ್ಡ್ ಖಾಲಿ ಬಿಟ್ಟಿದ್ದರೆ ನಂಬರ್ 3314. ಆಕ್ಸೆಸ್ ತನ್ನ ಮೆಸೇಜ್ ತೋರಿಸುವ ಮೊದಲೇ ಈ ಈವೆಂಟ್ ಓಡುತ್ತದೆ, ಅದಕ್ಕೇ ತಡೆಯಲು ಸಾಧ್ಯ. ರೆಸ್ಪಾನ್ಸ್ ಸಾಲು ಬಿಟ್ಟರೆ ಎರಡೂ ಮೆಸೇಜ್ ಒಂದರ ಹಿಂದೊಂದು ಬರುತ್ತವೆ. ಉಳಿದ ನಂಬರ್‌ಗಳಿಗೆ ದಯವಿಟ್ಟು 1 ಇಡಿ, ಅವಕ್ಕೂ 0 ಇಟ್ಟರೆ ಗೊತ್ತಿಲ್ಲದ ತಪ್ಪುಗಳೂ ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ವಿಬಿಎ (ಆಕ್ಸೆಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್‌ನಿಂದಲೇ ರೆಕಾರ್ಡ್ ಸೇರಿಸುವಾಗ ಬರುವ ಎರರ್ ಇಲ್ಲಿ ಸಿಗುವುದಿಲ್ಲ. ಅದನ್ನು ಆ ಕೋಡ್‌ನಲ್ಲೇ ಹಿಡಿಯಬೇಕು. ಇನ್ನೊಂದು, ವಿಬಿಎ ಎಡಿಟರ್‌ನಲ್ಲಿ ಕನ್ನಡ ಟೈಪಿಸಿದರೆ ಬರೀ ???? ಆಗುತ್ತದೆ. ಕನ್ನಡ ಮೆಸೇಜನ್ನು ಟೇಬಲ್‌ನಲ್ಲಿಟ್ಟು, ಪುಟ್ಟ ಪಾಪ್‌ಅಪ್ ಫಾರ್ಮ್‌ನಲ್ಲಿ ತೋರಿಸಿ.