ಮಣಿಕಟ್ಟಿನ ಜೋಮು: ಮಷಿನ್‌ಗಿಂತ ಮೊದಲು ಹೆಬ್ಬೆರಳು

ಕಾರ್ಪಲ್ ಟನಲ್ ಅಂದರೆ ಮಣಿಕಟ್ಟಿನ ಸುರಂಗದಂಥ ದಾರಿಯಲ್ಲಿ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವ ತೊಂದರೆ. ಅದು ಇರಬಹುದು ಅನ್ನಿಸಿದ ಕೂಡಲೇ ಮಷಿನ್‌ನಲ್ಲಿ ಮಾಡುವ ನರದ ಟೆಸ್ಟಿಗೆ ಬರೆದುಕೊಡುವುದು ನಮ್ಮಲ್ಲಿ ರೂಢಿ. ಎರಡು-ಮೂರು ಸಾವಿರ ಅದಕ್ಕೇ ಹೋಗುತ್ತದೆ. ಬೀಡಿ ಕಟ್ಟುವವರಿಗೆ ಅದು ಎಷ್ಟು ದಿನದ ದುಡಿಮೆ, ನೀವೇ ಲೆಕ್ಕ ಹಾಕಿ. ಉಡುಪಿ ಸಂತೆಕಟ್ಟೆಯ ನನ್ನ ಫಿಸಿಯೋ ಕ್ಲಿನಿಕ್ಕಿಗೆ ಬರುವವರಲ್ಲಿ ಅವರೇ ಜಾಸ್ತಿ. ಆಮೇಲೆ ಗೇರುಬೀಜ ಫ್ಯಾಕ್ಟರಿಯವರು, ಮಲ್ಪೆಯ ಮೀನಿನ ಹೆಂಗಸರು. ಮೊದಲು ಕೈಯಲ್ಲೇ ಪರೀಕ್ಷೆ ಮಾಡಿ ನೋಡುತ್ತೇನೆ ಅಂದಾಗ ಪರಿಚಯದ ಡಾಕ್ಟರೊಬ್ಬರು ನಕ್ಕುಬಿಟ್ಟಿದ್ದರು. ಈಗ ಅವರೇ ಪೇಶೆಂಟ್ ಕಳಿಸುತ್ತಾರೆ.

ಮಣಿಕಟ್ಟಿನ ನರದ ಮೇಲೆ ತಟ್ಟಿ ನೋಡುವ ಟಿನೆಲ್ ಟೆಸ್ಟ್ ನನಗೆ ಕೈಕೊಟ್ಟಿದ್ದೇ ಹೆಚ್ಚು. ಜೋರಾಗಿ ತಟ್ಟಿದರೆ ಎಲ್ಲರಿಗೂ ಜುಮ್ಮೆನ್ನುತ್ತದೆ, ಮೆಲ್ಲಗೆ ತಟ್ಟಿದರೆ ಯಾರಿಗೂ ಇಲ್ಲ. ಮಣಿಕಟ್ಟು ಬಗ್ಗಿಸಿ ಹಿಡಿಯುವ ಫಾಲೆನ್ ಟೆಸ್ಟ್ ವಾಸಿ. ಆದರೆ ವಯಸ್ಸಾದವರ ಮಣಿಕಟ್ಟು ಅಷ್ಟು ಬಗ್ಗಬೇಕಲ್ವಾ? ಮೊಣಕೈ ತೀರಾ ಮಡಚಿದರೆ ಕಿರುಬೆರಳಿಗೂ ಜೋಮು ಬರುತ್ತದೆ, ಅದು ಮೊಣಕೈ ಹಿಂದೆ ಹಾಯುವ ಬೇರೆ ನರದ, ಅಲ್ನಾರ್ ನರದ ಕಿತಾಪತಿ.

ಕೊನೆಗೆ ಕೈ ಹಿಡಿದದ್ದು ಡರ್ಕನ್ ಎಂಬ ಡಾಕ್ಟರ ಟೆಸ್ಟ್. ಟನಲ್ ಮೇಲೆ ಹೆಬ್ಬೆರಳು ಒತ್ತಿ 30 ಸೆಕೆಂಡ್ ಕಾಯುವುದು. ಆದರೆ ಎಷ್ಟು ಒತ್ತಬೇಕು? ಬೆಳಿಗ್ಗೆ ಒಂದು ಥರ, ಸಂಜೆ ಸುಸ್ತಾದಾಗ ಇನ್ನೊಂದು ಥರ ಆದರೆ ಏನು ಪ್ರಯೋಜನ! 1991ರಲ್ಲಿ ಡರ್ಕನ್ ಈ ಟೆಸ್ಟ್ ಬರೆದಾಗ ರಬ್ಬರ್ ಬಲ್ಬಿಗೆ ಬಿಪಿ ಡಯಲ್ ಜೋಡಿಸಿ, ಅದರಿಂದ ಒತ್ತಿ, 150 ಮಿ.ಮೀ. ಪಾದರಸದಷ್ಟು ಒತ್ತಡ ಇಟ್ಟಿದ್ದರು. ನಾನೂ ಹಳೇ ಡಯಲ್ ಒಂದನ್ನು ಮುನ್ನೂರಕ್ಕೋ ಏನೋ ತಂದೆ. ಬಲ್ಬ್ ಒತ್ತಿ ಹಿಡಿದರೆ ಮುಳ್ಳು ನಿಧಾನಕ್ಕೆ ಕೆಳಗೆ ಜಾರುತ್ತಿತ್ತು. ಹಿಂಬದಿಯ ವಾಲ್ವಿನಲ್ಲಿ ಗಾಳಿ ಸೋರುತ್ತಿತ್ತು. ಫೆವಿಕ್ವಿಕ್ ಹಾಕಿದರೆ ರಬ್ಬರೇ ಗಟ್ಟಿಯಾಗಿ ಬಿರುಕು ಬಿಟ್ಟಿತು. ಹೊಸ ಬಲ್ಬಿಗೆ ಮತ್ತೆ ನೂರು ಚಿಲ್ಲರೆ. ಕಡೆಗೆ ಪಂಕ್ಚರ್ ಅಂಗಡಿಯವನು ಸೊಲ್ಯೂಷನ್ ಹಚ್ಚಿ, ಟ್ಯೂಬಿನ ತುಂಡು ಅಂಟಿಸಿ ಇಪ್ಪತ್ತು ರೂಪಾಯಿಯಲ್ಲಿ ಮುಗಿಸಿಕೊಟ್ಟ. ದಿನಾ ಅದನ್ನೇ ಒತ್ತಿ ಒತ್ತಿ ಈಗ ಹೆಬ್ಬೆರಳಿಗೇ ಅಂದಾಜು ಸಿಕ್ಕಿದೆ. ಬಲ್ಬ್ ಡ್ರಾಯರಿನಲ್ಲಿದೆ.

ಡರ್ಕನ್ ಒಂದನ್ನೇ ನಂಬುವುದಿಲ್ಲ. ಹತ್ತಿಯಿಂದ ಉಂಗುರ ಬೆರಳಿನ ಎರಡೂ ಬದಿ ಸವರಿ ನೋಡಿ. ನಡುಬೆರಳಿನ ಕಡೆ ಮಂದ, ಕಿರುಬೆರಳಿನ ಕಡೆ ಸರಿ ಅಂದರೆ ಅರ್ಧ ಕೆಲಸ ಆಯಿತು; ಟನಲಿನ ನರದ ಪಾಲು ಆ ಬೆರಳಿನ ಅರ್ಧಕ್ಕೇ ಮುಗಿಯುತ್ತದೆ. ಅಂಗೈ ಬುಡವೂ ಮರಗಟ್ಟಿದ್ದರೆ ನನಗೆ ಅನುಮಾನ, ಏಕೆಂದರೆ ಅಲ್ಲಿಗೆ ಹೋಗುವ ಕವಲು ಟನಲ್ ಒಳಗೆ ಹೋಗುವುದೇ ಇಲ್ಲ. ಆಗ ನರ ಕುತ್ತಿಗೆಯಲ್ಲಿ ಒತ್ತಿಕೊಂಡಿದೆಯಾ ನೋಡುತ್ತೇನೆ. ರಾತ್ರಿ ಜೋಮಿಗೆ ಎದ್ದು ಕೈ ಕೊಡವುವುದೂ ಇದರ ಒಂದು ಗುರುತು. ಆದರೆ ಹಾಗೆ ಕೊಡವುತ್ತೀರಾ ಅಂತ ನೇರವಾಗಿ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ನಾನು ಹೇಗೆ ಕೇಳುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನರ ಕೆಟ್ಟ ಬೆರಳು ನೀರಿನಲ್ಲಿ ನೆನೆದರೂ ಸರಿಯಾಗಿ ಸುಕ್ಕಾಗುವುದಿಲ್ಲ, ಗೊತ್ತಲ್ಲ. ಬಕೆಟ್ ಬಿಸಿನೀರು ಇಟ್ಟು ಅರ್ಧ ಗಂಟೆ ಕೂರಿಸಿದೆ. ಮೀನಿನ ಹೆಂಗಸರ ಬೆರಳು ಬರುವಾಗಲೇ ಸುಕ್ಕು! ಗೇರುಬೀಜದ ಎಣ್ಣೆಯಿಂದ ಸುಟ್ಟ ಚರ್ಮದಲ್ಲಿ ಏನೂ ಕಾಣುವುದಿಲ್ಲ. ಬಕೆಟ್ ವಾಪಸ್ ಬಾತ್‌ರೂಮಿಗೆ ಹೋಯಿತು.

ನಾನು ಹೌದು ಅಂದು ಮಷಿನ್ ಟೆಸ್ಟಿಗೂ ಹೋದವರಲ್ಲಿ ಹತ್ತಕ್ಕೆ ಎಂಟು ಜನರ ರಿಪೋರ್ಟೂ ಹೌದು ಅಂದಿರಬೇಕು. ಉಳಿದವರಲ್ಲೂ ಕೆಲವರಿಗೆ ಮಣಿಕಟ್ಟು ಅಲುಗದಂತೆ ಹಿಡಿಯುವ ಪಟ್ಟಿ, ಅಂದರೆ ಬರೀ ಸ್ಪ್ಲಿಂಟಿನಲ್ಲೇ ಕಮ್ಮಿಯಾಯಿತು. ಶುರುವಿನ ಹಂತದಲ್ಲಿ ಮಷಿನ್ ನಾರ್ಮಲ್ ತೋರಿಸುವುದೂ ಉಂಟು. ನಾನೂರು-ಐನೂರರ ಸ್ಪ್ಲಿಂಟ್, ಮಣಿಕಟ್ಟು ನೇರ ಇರುವ ಹಾಗೆ, ರಾತ್ರಿ ಹೊತ್ತು, ಒಂದೂವರೆ ತಿಂಗಳು. ಜೊತೆಗೆ ಶುಗರ್, ಥೈರಾಯ್ಡ್ ನೋಡಿಸಿ ಅನ್ನುತ್ತೇನೆ. ಹೆಬ್ಬೆರಳ ಬುಡದ ಮಾಂಸ ಇಳಿದು ಚಪ್ಪಟೆಯಾಗಿದ್ದರೆ ಮಾತ್ರ ದುಡ್ಡು ಉಳಿಸುವ ಮಾತೇ ಎತ್ತುವುದಿಲ್ಲ. ಮಷಿನ್ ಟೆಸ್ಟ್ ಮಾಡಿಸಿ, ಅದೇ ವಾರ ಸರ್ಜನ್ ಹತ್ತಿರ ಕಳಿಸುತ್ತೇನೆ.